ತಾತನ ಪಕ್ಕದ ಎಲೆ

ಭಾರ್ಗವ್ ಹಲಸೂರಿನ ಆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಾಗಲೆಲ್ಲ ಆರು ವರ್ಷದ ಮಗಳು ತನ್ಮಯಿ ಮೊದಲು ಅವನ ಪಾದ ನೋಡುತ್ತಿದ್ದಳು. ಬೆರಳುಗಳು ಮುಂದಕ್ಕೇ ಇವೆಯೇ ಎಂದು ಬಗ್ಗಿ ಬಗ್ಗಿ ನೋಡುವಳು. ಆಮೇಲೆ ಅವನ ನೆರಳು. ಚಾಕೊಲೇಟನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಟೀಪಾಯಿ ಮೇಲಿಟ್ಟು ದೂರ ಸರಿದರೆ ಮಾತ್ರ ಎತ್ತಿಕೊಳ್ಳುವಳು. ಪಾಪ, ಮಗು ನನ್ನನ್ನು ಮರೆತುಬಿಟ್ಟಿದೆ ಅಂದುಕೊಂಡಿದ್ದ ಅವನು.

ಮರೆಯದೆ ಇನ್ನೇನು? ಗಂಡ ಹೆಂಡತಿ ಬೇರೆಯಾದ ಮೇಲೆ ಎರಡು ವರ್ಷ ಈ ಬಾಗಿಲು ಅವನಿಗೆ ತೆರೆದಿರಲಿಲ್ಲ. ಕೋರ್ಟಿಗೆ ಅಲೆದೂ ಅಲೆದೂ ಕಡೆಗೆ ಭಾನುವಾರ ಮಧ್ಯಾಹ್ನದವರೆಗೆ ಮಗಳ ಜೊತೆ ಇರುವ ಹಕ್ಕು ಸಿಕ್ಕಿತ್ತು. ಅವನು ಬರುವ ಹೊತ್ತಿಗೆ ಹೆಂಡತಿ ಆಶ್ರಿತಾ ಹೊರಗೆ ಹೋಗಿಬಿಡುತ್ತಿದ್ದಳು. ಅತ್ತೆ ಅನಸೂಯಮ್ಮ ಅಡುಗೆಮನೆಯಿಂದಲೇ ಕಾವಲು. ಕೋರ್ಟು ಬಾಗಿಲೇನೋ ತೆಗೆಸಿತ್ತು, ಆದರೆ ಮಗಳು ಒಮ್ಮೆಯೂ 'ಅಪ್ಪ' ಅಂದಿರಲಿಲ್ಲ. ಅದೊಂದು ಮಾತಿಗೆ ಅವನ ಜೀವ ಒದ್ದಾಡುತ್ತಿತ್ತು.

ಆ ಭಾನುವಾರ ಮಹಾಲಯ ಅಮಾವಾಸ್ಯೆ. ಮನೆ ತುಂಬ ಸಾಂಬ್ರಾಣಿ ಹೊಗೆ, ಮಟನ್ ಸಾರಿನ ವಾಸನೆ. ತನ್ಮಯಿ ತಾನಾಗಿಯೇ ಹತ್ತಿರ ಬಂದು, ತುಟಿಯ ಮೇಲೆ ಬೆರಳಿಟ್ಟು, ಬಾ ಎಂದು ಸನ್ನೆ ಮಾಡಿದಳು. ಭಾರ್ಗವ್ ಖುಷಿಯಿಂದ ಹಿಂದೆ ಹೋದ. ಒಳಕೋಣೆಯಲ್ಲಿ, ತೀರಿಹೋದ ಮಾವನ ಫೋಟೊ ಮುಂದೆ ದೀಪ ಹಚ್ಚಿ ಎಡೆ ಇಟ್ಟಿದ್ದರು. ಪಕ್ಕದಲ್ಲಿ ಇನ್ನೊಂದು ಪುಟ್ಟ ಎಲೆ. ತಾತನ ಎಲೆಯಿಂದಲೇ ತೆಗೆದು ಹಾಕಿದ ಅನ್ನ, ಸಾರು, ಅರ್ಧ ವಡೆ, ಮಗುವಿನ ಕೈಕೆಲಸ. ಅದರ ಹಿಂದೆ ಗೋಡೆಗೆ ಒರಗಿಸಿದ್ದ ಫೋಟೊ ಅವನದೇ. ಮೇಲೆ ಚೆಂಡುಹೂವು, ಹಣೆಗೆ ಕುಂಕುಮ.

ಭಾರ್ಗವ್ ತಟ್ಟನೆ ಹಿಂದೆ ಸರಿದ. ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ಆ ಮನೆಯ ಪದ್ಧತಿ.

ಹೊರಗೆ ಪಿಸುಮಾತು ಕೇಳಿಸಿತು. "ಅಜ್ಜೀ, ಬಾಗಿಲು ತೆಗೀಬೇಡಿ. ಅಪ್ಪ ಊಟಕ್ಕೆ ಕೂತಿದ್ದಾರೆ. ನಾವು ನೋಡಿದ್ರೆ ಹೊರಟೋಗ್ತಾರೆ."

ಅಪ್ಪ! ಅಷ್ಟು ದಿನ ಕಾದ ಮಾತು ಸತ್ತವನಿಗೆ ಸಿಕ್ಕಿತ್ತು.

"ಅಯ್ಯೋ, ಯಾರೇ ನಿನಗೆ ಹಿಂಗೆಲ್ಲ ಹೇಳಿದ್ದು?" ಅನಸೂಯಮ್ಮನ ದನಿ.

"ನೀವೇ ಅಲ್ವಾ? ಅಪ್ಪ ದೇವರ ಹತ್ರ ಹೋದ್ರು ಅಂತ."

ದೀಪದ ಬೆಳಕಿಗೆ ಮಾವನ ಕಣ್ಣು ಅಲುಗಿದಂತಾಯಿತು. ಕಿರುಚಬೇಕು ಅನ್ನಿಸಿತು ಭಾರ್ಗವ್‌ಗೆ. ಆದರೆ ಮಗಳು ಬಡಿಸಿದ ಎಲೆಯದು. ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತಾ ಉಂಡ.

ಬಾಗಿಲು ತೆರೆದ ಅನಸೂಯಮ್ಮ ತಲೆ ಎತ್ತಲಿಲ್ಲ.

"ನಾನಿನ್ನೂ ಬದುಕಿದ್ದೀನಿ ಅತ್ತೆ. ಯಾಕೆ ಹಿಂಗೆ ಮಾಡಿದ್ರಿ?"

"ದಿನಾ ಬಾಗಿಲ ಹತ್ರ ಕೂತು ಅಪ್ಪ ಅಪ್ಪ ಅಂತ ಅಳ್ತಿತ್ತು ಮಗು. ನೀವಿಬ್ರೂ ಕೋರ್ಟು ಕೋರ್ಟು ಅಂತಿದ್ರಿ. ಇಲ್ಲ ಅಂದ್ಬಿಟ್ರೆ ಒಂದ್ಸಲ ಅತ್ತು ಸುಮ್ಮನಾಗ್ತಾಳೆ ಅಂದ್ಕೊಂಡೆ. ನನಗಾದ್ರೂ ಏನು ತಿಳೀತಿತ್ತು ಹೇಳಿ?"

"ಆ ಬಾಗಿಲ ಆಚೆ ನಾನೇ ನಿಂತಿರ್ತಿದ್ದೆ. ನೀವು ತೆಗೀಲಿಲ್ಲ."

ತನ್ಮಯಿಗೆ ಇದ್ಯಾವುದೂ ಕೇಳುತ್ತಿರಲಿಲ್ಲ. ಎಲೆಯನ್ನೇ ನೋಡುತ್ತಿದ್ದಳು. ಒಂದಗುಳೂ ಉಳಿದಿರಲಿಲ್ಲ, ಅಂಚಿನಲ್ಲಿ ಚೀಪಿದ ಮೂಳೆ.

"ತಾತ ಯಾವತ್ತೂ ಎಲೆ ಖಾಲಿ ಮಾಡಲ್ಲ," ಅಂದಳು. ಮೆಲ್ಲಗೆ ಬಂದು ಅವನ ಎಂಜಲು ಕೈಯನ್ನು ಒಂದು ಬೆರಳಿನಿಂದ ಮುಟ್ಟಿದಳು. "ಅಜ್ಜೀ, ಕೈ ಬೆಚ್ಚಗಿದೆ!"

ಅನಸೂಯಮ್ಮ ಫೋಟೊದ ಹೂವು ತೆಗೆದರು, ಸೆರಗಿನಿಂದ ಕುಂಕುಮ ಒರೆಸಿದರು. "ಅಜ್ಜಿ ಸುಳ್ಳು ಹೇಳಿದ್ದು ಕಂದಾ. ನಿಮ್ಮಪ್ಪ ಎಲ್ಲೂ ಹೋಗಿರಲಿಲ್ಲ. ನಾನೇ ಒಳಗೆ ಬಿಟ್ಕೊಂಡಿರಲಿಲ್ಲ." ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯನ್ನೇ ತಂದು ಮೊಮ್ಮಗಳ ಮುಂದಿಟ್ಟರು.

ತನ್ಮಯಿ ಎರಡೂ ಕೈಯಲ್ಲಿ ಸೌಟು ಹಿಡಿದಳು. ಸತ್ತವರನ್ನು ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದಳು.

"ಅಪ್ಪಾ, ಇನ್ನೂ ಹಾಕ್ಲಾ?"

ಭಾರ್ಗವ್ ಖಾಲಿ ಎಲೆಯನ್ನು ಮಗಳತ್ತ ಸರಿಸಿದ.

"ಹಾಕಮ್ಮ," ಅಂದ.