ಅಯ್ಯನವರ ಪಾಲಿನ ಸಿಂಪಿ

‘ಅಯ್ಯನೋರಿಗೆ ಬ್ಯಾಳಿ, ರೊಟ್ಟಿ. ಬ್ಯಾರೆ ತಾಟಿನ್ಯಾಗ’ ಎಂದು ಮಹಾಲಿಂಗ ವೇಟರನಿಗೆ ಹೇಳುತ್ತಿದ್ದಂತೆಯೇ ಪರಮಾನಂದ ಅಡ್ಡಬಾಯಿ ಹಾಕಿದ.

‘ಬ್ಯಾಡ. ನನಗೂ ಸಿಂಪೀನ ಬರ್ಲಿ.’

ಎಲ್ಲರೂ ಅವನತ್ತ ತಿರುಗಿದರು. ಜಮಖಂಡಿಯಲ್ಲಿ ಹೊಸದಾಗಿ ತೆರೆದ ಮೀನೂಟದ ಹೋಟೆಲು, ಚಿಪ್ಪಿನಲ್ಲೇ ಬಡಿಸುವ ಕಡಲ ಸಿಂಪಿ ಅಲ್ಲಿಯ ವಿಶೇಷ; ಸಮುದ್ರ ಮಾತ್ರ ಗೋಡೆಯ ಚಿತ್ರದಲ್ಲಿ. ಕಬ್ಬಿನ ಟ್ರ್ಯಾಕ್ಟರುಗಳ ಹಾಡು ಏಸಿಗೂ ಜಗ್ಗದೆ ಒಳಗೆ ಬರುತ್ತಿತ್ತು.

ಒಂದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರೂ ಪರಮಾನಂದ ಇವರಿಗೆ ಸಹೋದ್ಯೋಗಿಯಾಗಲೇ ಇಲ್ಲ. ಜಂಗಮರ ಮನೆತನ. ಮಹಾಲಿಂಗನ ಮನೆಯಲ್ಲಿ ಏನೇ ಶುಭಕಾರ್ಯವಾದರೂ ಇವನ ಪಾದ ತೊಳೆದ ಮೇಲೆಯೇ ಪಂಕ್ತಿಗೆ ಎಲೆ. ಪಾರ್ಟಿಯಲ್ಲಿ ಇವನಿಗೆ ತುದಿಯ ಕುರ್ಚಿ, ಬೇರೆ ತಾಟು. ಇವನಿದ್ದರೆ ಯಾರೂ ಎಲುಬು ಚೀಪರು. ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಮರ್ಯಾದೆ ಒಬ್ಬನನ್ನು ಇಷ್ಟು ಅಚ್ಚುಕಟ್ಟಾಗಿ ಹೊರಗಿಡಬಲ್ಲದೆಂದು ಅವನು ಕಲಿಸುವ ಸಮಾಜಶಾಸ್ತ್ರ ಹೇಳಿರಲಿಲ್ಲ.

ಇವತ್ತು ಒಂದು ತುತ್ತು. ಆಮೇಲೆ ಮಹಾಲಿಂಗ ತನ್ನನ್ನೂ ‘ಲೇ’ ಅಂದಾನು.

‘ಮನ್ಯಾಗ ಗೊತ್ತಾದ್ರ, ಸರ್?’ ರಾಜಶ್ರೀ ಮೇಡಂ ಕೇಳಿದಳು.

‘ಗೊತ್ತಾಗ್ಲಿ.’

‘ಇನ್ನೊಮ್ಮೆ ವಿಚಾರ ಮಾಡ್ರಿ.’

‘ಮಾಡೀನಿ.’

ಮಹಾಲಿಂಗ ಕೈ ತೊಳೆಯುವ ನೆಪದಲ್ಲಿ ಅಡಿಗೆಮನೆಯ ಕಡೆ ಹೋಗಿಬಂದ. ಬಂದವನೇ ಪ್ರಿನ್ಸಿಪಾಲರ ಮೂಗುದನಿಯಲ್ಲಿ, ಸಿಂಪಿ ತಿನ್ನುವ ಸಿಬ್ಬಂದಿ ಪೂರ್ವಾನುಮತಿ ಪಡೆಯತಕ್ಕದ್ದೆಂದು ಸುತ್ತೋಲೆ ಹೊರಡಿಸಿದ. ಎಲ್ಲರೂ ನಕ್ಕರು. ಪರಮಾನಂದನಿಗೆ ನಗು ಬರಲಿಲ್ಲ.

ಸಿಂಪಿಗಳು ಬಾಯಿ ತೆರೆದುಕೊಂಡೇ ಬಂದವು. ಮಸಾಲೆಯ ಕೆಳಗೆ ಏನೋ ಮೆತ್ತಗೆ, ಬೂದಿಬಣ್ಣ. ಉಣ್ಣುವ ಮುಂಚಿನ ಅಭ್ಯಾಸದಂತೆ ಅವನ ಕೈ ಎದೆಯ ಲಿಂಗದ ಕರಡಿಗೆಯನ್ನು ಹುಡುಕಿತು. ಬೆಳಿಗ್ಗೆಯೇ ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ಬಂದಿದ್ದ. ಕೈಗೆ ಅಂಗಿಯ ಗುಂಡಿ ಸಿಕ್ಕಿತು.

ಕಣ್ಣುಮುಚ್ಚಿ ನುಂಗಿದ. ಅಜ್ಜ, ಮಠ, ಪಾದ ತೊಳೆದ ನೀರು, ಎಲ್ಲ ಒಮ್ಮೆಗೇ ಗಂಟಲಿಳಿದಂತಾಯಿತು. ಕಣ್ಣು ಒದ್ದೆಯಾದವು.

‘ಹ್ಯಾಂಗೈತ್ರಿ?’ ರಾಜಶ್ರೀ ಕೇಳಿದಳು.

‘ಸಮುದ್ರ... ಸಮುದ್ರದ ರುಚಿ.’

ಮಹಾಲಿಂಗ ಕೈ ಮುಗಿದ. ‘ಸಿಟ್ಟಾಗಬ್ಯಾಡ್ರಿ ಅಯ್ಯನೋರ. ಅದು ಅಣಬಿ. ನಿಮಗಷ್ಟ ಬ್ಯಾರೆ ಮಾಡಸೀನಿ.’

‘ಯಾಕ?’

‘ನಿಮ್ಮ ಬಾಯಾಗ ಅದನ್ನಿಟ್ಟು ಮನಿಗಿ ಹೋದ್ರ ನಮ್ಮವ್ವ ನನ್ನ ಹೊಸ್ತಲಾ ದಾಟಗೊಡ್ತಾಳನ್ರಿ?’

ಆಮೇಲೆ ಮಹಾಲಿಂಗನಿಗೆ ತಡೆಯಲಾಗಲಿಲ್ಲ. ಕಣ್ಣುಮುಚ್ಚಿದ, ಕತ್ತೆತ್ತಿದ, ಬೆರಳಿಂದ ಗುಂಡಿ ತಡವಿದ. ‘ಸಮುದ್ರದ ರುಚಿ.’ ದನಿ ಥೇಟ್ ಪರಮಾನಂದನದೇ. ರಾಜಶ್ರೀಗೆ ನಕ್ಕು ನಕ್ಕು ನೆತ್ತಿ ಹತ್ತಿತು. ಪಕ್ಕದ ಟೇಬಲ್ಲೂ ನಕ್ಕಿತು.

ಎಲ್ಲರಿಗಿಂತ ಜೋರಾಗಿ ಪರಮಾನಂದ ನಕ್ಕ. ನಗುತ್ತಲೇ ಮಹಾಲಿಂಗನ ತಾಟಿನ ಖರೇ ಸಿಂಪಿಗೆ ಕೈ ಚಾಚಿದ. ಮಹಾಲಿಂಗ ಎರಡೂ ಕೈಯಿಂದ, ತುಂಬ ವಿನಯದಿಂದ, ತಾಟನ್ನು ಹಿಂದಕ್ಕೆ ಸರಿಸಿಕೊಂಡ.

ವೇಟರ್ ಬೇರೆ ತಾಟಿನಲ್ಲಿ ಬ್ಯಾಳಿ, ರೊಟ್ಟಿ ತಂದಿಟ್ಟ. ಉಳಿದವರ ನಗು ಮುಗಿದಿತ್ತು. ಇವನದು ಮುಗಿಯಲೊಲ್ಲದು. ಇನ್ಯಾರೋ ತಿಂದು ಬಿಟ್ಟ, ತೊಳೆದು ಅವನಿಗೆಂದೇ ಅಣಬೆ ತುಂಬಿದ್ದ ಚಿಪ್ಪು ಎದುರಿಗೆ ಖಾಲಿ ಬಿದ್ದಿತ್ತು, ತೆರೆದ ಬಾಯಿ ಮುಚ್ಚಲಾಗದೆ.