ಒಲೆ ಮೇಲಿನ ತೊಲೆ

ಬಿರುಗಾಳಿ, ಆಲಿಕಲ್ಲು ಮಳೆ ಎಲ್ಲ ನಿಂತ ಮಾರನೇ ಬೆಳಿಗ್ಗೆ ಬೀದಿಯವರೆಲ್ಲ ಹೊರಗೇ ಇದ್ದರು. ಒಬ್ಬರ ಮನೆ ಹೆಂಚು ಇನ್ನೊಬ್ಬರ ಅಂಗಳದಲ್ಲಿ. ಯಾರದೋ ಬನಿಯನ್ ಯಾರದೋ ಮರದ ಮೇಲೆ.

"ನಿಮ್ಮನೇಲಿ ಸೋರ್ತಾ?"

"ಸೋರೋದಾ? ಪಾತ್ರೆ ಇಟ್ಟು ಇಟ್ಟು ಅಡುಗೆಗೆ ಪಾತ್ರೆನೇ ಇಲ್ಲ!"

ಬೇಕರಿಯವನು ಮಾತ್ರ ಹೊರಗೆ ಬಂದಿರಲಿಲ್ಲ. ಒಳಗೆ ಸ್ಟೂಲಿನ ಮೇಲೆ ನಿಂತು, ಸೀಟಿ ಹಾಕುತ್ತಾ, ತೊಲೆಗೆ ತೊಟ್ಟಿಲು ಕಟ್ಟುತ್ತಿದ್ದ. ಅವನ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ಮರುದಿನ ಆಸ್ಪತ್ರೆಯಿಂದ ತಾಯಿ ಮಗು ಇಬ್ಬರೂ ಈ ಮನೆಗೇ ಬರುವವರಿದ್ದರು. ಅವರಿಗೆಂದು ಅವನು ಆರಿಸಿದ್ದು ಬ್ರೆಡ್ ಸುಡುವ ಒಲೆಗೆ ಅಂಟಿಕೊಂಡ ಕೋಣೆ. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ.

"ರೀ, ಒಂದ್ಸಲ ಹೊರಗೆ ಬಂದು ಹೆಂಚಿನ ಮಾಡು ನೋಡಬಾರದಾ?" ಎಂದಳು ಹೆಂಡತಿ.

"ಸೋರಿದವರು ನೋಡ್ಕೋತಾರೆ. ನಮ್ಮನೇಲಿ ಒಂದು ಹನಿ ಬಿದ್ದಿದ್ಯಾ? ಮುಟ್ಟಿ ನೋಡೇ. ಚಾವಣಿ ಹಲಗೆ ರಸ್ಕಿನ ಹಾಗೆ ಒಣಗಿದೆ."

ಅಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿಸಿತು. "ಬೇಕರಿಯಣ್ಣಾ! ನಿಮ್ಮ ಚಿಮಣಿ ಟೋಪಿ ಓರೆ ಮಾಡ್ಕೊಂಡಿದೆ!"

ಅದು ಪಕ್ಕದ ಮನೆಯ ದುರ್ಬೀನಕ್ಕನ ದನಿ. ಕಟ್ಟಡ ಕೆಲಸದ ಮೇಲ್ವಿಚಾರಣೆ ಅವಳ ಉದ್ಯೋಗ, ಹಕ್ಕಿ ನೋಡುವುದು ಅವಳ ಹುಚ್ಚು. ಕೊರಳಲ್ಲಿ ಯಾವಾಗಲೂ ದುರ್ಬೀನು ನೇತಾಡುತ್ತಿದ್ದುದರಿಂದ ಬೀದಿಯೇ ಆ ಹೆಸರಿಟ್ಟಿತ್ತು.

ಬೇಕರಿಯವನು ಬಾಗಿಲಿಗೆ ಬಂದ. "ಬೇರೆಯವರ ಮನೆ ಇಣುಕೋದಕ್ಕೆ ದುರ್ಬೀನು ಬೇರೆ!"

"ಹಕ್ಕಿಗಳಿಗೆ ಇವತ್ತು ರಜಾ. ಅದಕ್ಕೇ ಮಾಡು ನೋಡ್ತಿದೀನಿ. ಚಿಮಣಿ ಬುಡ ನೋಡಿ, ಬಿರುಕು ಬಿಟ್ಟಿದೆ."

"ತಾಳಿ, ಹತ್ತಿ ನೋಡಿಯೇ ಬಿಡ್ತೀನಿ," ಎಂದು ಅವನು ಏಣಿ ಎಳೆದುಕೊಂಡು ಬಂದ.

"ಮೊದಲು ಏಣಿ ಇಡಿ ಕೆಳಗೆ! ಒದ್ದೆ ಹೆಂಚು ಪಾಚಿಗಿಂತ ಜಾರುತ್ತೆ. ಒಡೆದ ಹೆಂಚು ನೋಡೋಕೆ ಗಟ್ಟಿಯಾಗೇ ಇರುತ್ತೆ, ಕಾಲಿಟ್ಟಾಗ ಗೊತ್ತಾಗುತ್ತೆ. ಮೊಮ್ಮಗಳನ್ನ ಎತ್ಕೋಬೇಕಾದ ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಕೂರ್ತೀರಾ?"

ಹೆಂಡತಿ ಕಿಸಕ್ಕನೆ ನಕ್ಕಳು. ಏಣಿ ಕೆಳಗಿಳಿಯಿತು.

ಮೂವರೂ ನೆಲದ ಮೇಲಿಂದಲೇ ಮನೆಯ ಸುತ್ತ ಬಂದರು. ಎಲ್ಲಿಯಾದರೂ ವಿದ್ಯುತ್ ತಂತಿ ಹರಿದು ಬಿದ್ದಿದೆಯೇ ಎಂದು ದುರ್ಬೀನಕ್ಕ ಮೊದಲು ನೋಡಿದಳು. ಆಮೇಲೆ ದೂರ ನಿಂತು ಮಾಡಿನ ನೆತ್ತಿಯ ಗೆರೆ ನೇರವಾಗಿದೆಯೇ, ನಡುವೆ ಕುಗ್ಗಿದೆಯೇ ಎಂದು ಕಣ್ಣು ಹಾಯಿಸಿದಳು. ಗೆರೆ ನೇರವಾಗಿಯೇ ಇತ್ತು. ಗೋಡೆಯ ಬುಡದಲ್ಲಿ ಹೊಸದಾಗಿ ಒಡೆದ ಹೆಂಚಿನ ಚೂರುಗಳೂ ಗಾರೆಯ ಪುಡಿಯೂ ಬಿದ್ದಿದ್ದವು. "ಇದು ಮೇಲಿಂದ ಬಂದ ಸುದ್ದಿ," ಎಂದು ದುರ್ಬೀನನ್ನು ಅವನ ಕೈಗಿಟ್ಟಳು.

ಅವನು ನೋಡಿದ. ಹೆಂಚು ಚಿಮಣಿಗೆ ತಾಗುವ ಕಡೆ ಗಾರೆ ಎದ್ದುಹೋಗಿ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು.

"ಬಿರುಕು ಇದೆ, ಒಪ್ಪಿದೆ. ಆದ್ರೆ ಒಳಗೆ ಒಣಗಿದೆಯಲ್ಲಮ್ಮ?"

"ಗಾಳಿ ನಿಂತ ಕೂಡಲೇ ನೀವು ಏನು ಮಾಡಿದ್ರಿ?"

"ಒಲೆ ಹಚ್ಚಿದೆ. ಮೊಮ್ಮಗಳು ಬರ್ತಾಳೆ, ಬೀದಿಗೆಲ್ಲ ಸಿಹಿ ಬನ್ ಹಂಚಬೇಡ್ವಾ?"

"ಅಂದ್ರೆ ಬನ್ ಜೊತೆ ಚಾವಣಿಯನ್ನೂ ಬೇಯಿಸಿದ್ರಿ! ಬೇರೆಯವರ ಮನೇಲಿ ನೀರು ಇಳಿದ್ರೆ ಕಲೆ ಕಾಣುತ್ತೆ. ನಿಮ್ಮನೇಲಿ ಕಲೆ ಕಾಣೋ ಮೊದಲೇ ಒಲೆ ಅದನ್ನ ಒಣಗಿಸಿಬಿಡುತ್ತೆ. ಆದ್ರೆ ಮೇಲ್ಮೈ ಒಣಗಿದ ಮಾತ್ರಕ್ಕೆ ಮರದ ಒಳಗೆ ಒಣಗಿದೆ ಅಂತಲ್ಲ."

ಬೇಕರಿಯವನಿಗೆ ಇನ್ನೂ ನಂಬಿಕೆ ಬರಲಿಲ್ಲ. "ಅದೆಲ್ಲ ನಿಮ್ಮ ಸಿಮೆಂಟು ಇಟ್ಟಿಗೆ ಲೆಕ್ಕ. ನನಗೆ ಮರದ ಒಳಗೆ ಇಣುಕೋಕೆ ಬರಲ್ಲ."

"ಬ್ರೆಡ್ಡಿನ ಒಳಗೆ ಬೆಂದಿದೆಯಾ ಅಂತ ಹೇಗೆ ಇಣುಕ್ತೀರಿ?"

"ಇಣುಕೋದ್ಯಾಕೆ? ಅಡಿ ತಟ್ಟಿದ್ರೆ ಸಾಕು. ಬೊಳ್ ಅಂತ ಪೊಳ್ಳು ಸದ್ದು ಬಂದ್ರೆ ಬೆಂದಿದೆ."

"ಬನ್ನಿ, ತೊಲೇನೂ ತಟ್ಟಿ."

ಒಳಗೆ ಹೋಗುವ ಮೊದಲು ಅವಳು ಮೇನ್ ಸ್ವಿಚ್ ಆರಿಸಿದಳು. ಬಾಗಿಲಲ್ಲೇ ನಿಂತು ಹಲಗೆಗಳ ಉದ್ದಕ್ಕೂ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ, ಎಲ್ಲೂ ಉಬ್ಬಿ ಜೋತುಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅವನು ಲಟ್ಟಣಿಗೆ ಹಿಡಿದು ಸ್ಟೂಲು ಹತ್ತಿದ.

ಬಾಗಿಲ ಕಡೆಯಿಂದ ತಟ್ಟಿದ. ಟಕ್. ಇನ್ನಷ್ಟು ಮುಂದೆ, ಟಕ್. "ಕೇಳಿಸ್ತಾ? ಕಬ್ಬಿಣ!" ಎಂದು ಬೀಗಿದ. ತೊಟ್ಟಿಲಿನ ಕೊಕ್ಕೆಯ ಪಕ್ಕದಲ್ಲೇ, ಚಿಮಣಿಯ ಕಡೆ ತಟ್ಟಿದ.

ಬೊಳ್.

ಮತ್ತೆ ತಟ್ಟಿದ. ಕಿವಿ ಹತ್ತಿರ ತಂದು ಮತ್ತೆ ತಟ್ಟಿದ. ಮುಖದ ನಗು ಇಳಿಯಿತು. "ಇದು... ಚೆನ್ನಾಗಿ ಬೆಂದ ಬ್ರೆಡ್ ಸದ್ದು."

"ಬ್ರೆಡ್ಡಿಗಾದ್ರೆ ಶಹಭಾಸ್ ಅಂತಿದ್ದೆ," ಎಂದಳು ದುರ್ಬೀನಕ್ಕ ಮೆತ್ತಗೆ. ಸ್ಕ್ರೂಡ್ರೈವರ್ ಕೊಟ್ಟು, ಅಲ್ಲಿ ಸ್ವಲ್ಪ ಒತ್ತಿ ಎಂದಳು. ಅದು ಬನ್ನಿಗೆ ಇಳಿದ ಹಾಗೆ ಸಲೀಸಾಗಿ ಒಳಗೆ ಹೋಯಿತು.

ಬೇಕರಿಯವನು ತನ್ನ ಕೈಯಾರೆ ಕಟ್ಟಿದ ತೊಟ್ಟಿಲನ್ನು ನೋಡಿದ. ಯಾರೂ ಹೇಳುವ ಮೊದಲೇ ಅದರ ಗಂಟು ಬಿಚ್ಚತೊಡಗಿದ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು, "ನೀರು ಇಳಿದಿದ್ದು ಚಿಮಣಿ ಹತ್ತಿರ ತಾನೇ? ಕೊಕ್ಕೆವರೆಗೂ ಹೇಗೆ ಬಂತು?"

"ನೀರು ತೊಲೆ ಹಿಡ್ಕೊಂಡೇ ನಡೀತಾ ಹೋಗುತ್ತೆ, ಅತ್ತಿಗೆ. ಇಳಿಯೋದು ಒಂದು ಕಡೆ, ಕಾಣೋದು ಇನ್ನೊಂದು ಕಡೆ. ಈಗ ಒಲೆ ಆರಿಸಿ. ಬಿರುಕುಬಿಟ್ಟ ಚಿಮಣಿಯಿಂದ ಹೊಗೆ ಒಳಗೇ ತಿರುಗಬಹುದು. ವಾಸನೆ ಇಲ್ಲದ ವಿಷಗಾಳಿಯೂ ಬರಬಹುದು. ಮಗು ಇರೋ ಮನೆ."

"ಒಲೆ ಆರಿಸೋದಾ? ಸಿಹಿ ಬನ್ನು?"

"ರೀ!" ಎಂದಳು ಹೆಂಡತಿ. ಒಲೆ ಆರಿತು.

ಮಗು ಮಲಗುವುದೆಲ್ಲಿ? ಮನೆಯ ಮುಂಭಾಗದ ಅವರದೇ ಅಂಗಡಿಯ ಮೇಲೆ ಕಾಂಕ್ರೀಟ್ ತಾರಸಿ ಇತ್ತು. ದುರ್ಬೀನಕ್ಕ ಅದನ್ನೂ ಸುಮ್ಮನೆ ಬಿಡಲಿಲ್ಲ. ಒಳಮೆಟ್ಟಿಲಿನಿಂದ ಹೋಗಿ, ಎಲೆ ಕಸ ತುಂಬಿ ಕಟ್ಟಿಕೊಂಡಿದ್ದ ನೀರು ಹೋಗುವ ಕೊಳವೆಯನ್ನು ಬಿಡಿಸಿದಳು. ಚಾವಣಿಯಲ್ಲಿ ಬಿರುಕಿಲ್ಲ, ತೇವವಿಲ್ಲ ಎಂದು ನೋಡಿದ ಮೇಲೆಯೇ ಹೂಂ ಎಂದಳು.

ಹೀಗಾಗಿ ಮರುದಿನ ಮಗು ಬಂದು ಇಳಿದದ್ದು ಬೇಕರಿ ಅಂಗಡಿಯಲ್ಲಿ! ಗಾಜಿನ ಕಪಾಟಿನಲ್ಲಿ ಕೇಕಿನ ಬದಲು ಪುಟ್ಟ ಅಂಗಿ, ಕುಲಾವಿ, ಮಡಿಸಿದ ಬಟ್ಟೆ. ಬ್ರೆಡ್ ಕೇಳಲು ಬಂದವರು ಮಗುವನ್ನು ನೋಡಿ ಬ್ರೆಡ್ ಮರೆತರು.

"ಇವತ್ತು ಏನು ತಾಜಾ ಇದೆ?" ಎಂದು ಯಾರೋ ಪಿಸುಗುಟ್ಟಿದರು.

"ಇದೊಂದೇ ಇರೋದು, ಮಾರಾಟಕ್ಕಿಲ್ಲ," ಎಂದ ಅಜ್ಜ.

ಹಾನಿಯಾದ ಕಡೆಯ ಫೋಟೊ ತೆಗೆದು ಇಟ್ಟುಕೊಂಡ ಮೇಲೆ ಕೆಲಸ ಶುರುವಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆಯದೆ, ಪರಿಚಯದ ಗಾರೆಯವರನ್ನೂ ಬಡಗಿಯನ್ನೂ ಕರೆಸಿದರು. ಅವರು ಮೊದಲು ಮಾಡಿನ ಮೇಲೆ ಟಾರ್ಪಾಲು ಬಿಗಿದರು. ಬಡಗಿ ಹಳೆಯ ತೊಲೆ ಇಳಿಸಿ, ಒಳಗಿನ ಪುಡಿ ಉದುರಿಸಿ ತೋರಿಸಿದ. "ಇದು ಒಂದು ಮಳೆಯ ಕೆಲಸ ಅಲ್ಲ. ಎಷ್ಟೋ ಮಳೆಗಾಲದಿಂದ ನೆನೆದಿದೆ. ಈ ಗಾಳಿ ಬಿರುಕನ್ನ ದೊಡ್ಡದು ಮಾಡಿ ನಿಮ್ಮ ಕಣ್ಣಿಗೆ ಬೀಳೋ ಹಾಗೆ ಮಾಡ್ತು, ಅಷ್ಟೇ."

ಹೊಸ ತೊಲೆ ಏರಿತು. ಚಿಮಣಿಯ ಬಿರುಕಿಗೆ ಗಾರೆ ತುಂಬಿ, ಟೋಪಿ ನೇರ ಮಾಡಿ, ಸುತ್ತ ತಗಡಿನ ಪಟ್ಟಿ ಕೂರಿಸಿ ಸಂದಿ ಮುಚ್ಚಿದರು. ಬೇಕರಿಯವನು ಲಟ್ಟಣಿಗೆ ಹಿಡಿದು ಹಿಂದೆ ಹಿಂದೆಯೇ ತಿರುಗುತ್ತಿದ್ದ. ಹೊಸದು, ಹಳೆಯದು, ಒಂದು ತೊಲೆಯನ್ನೂ ಬಿಡಲಿಲ್ಲ.

"ಅಣ್ಣಾ, ಎಲ್ಲ ಟಕ್ ಅಂತಲೇ ಅಂತಿದೆ, ಸಾಕು ಮಾಡಿ!" ಎಂದು ಬಡಗಿ ಕೈ ಮುಗಿದ.

"ನೀನು ಮಲಗಲ್ಲಪ್ಪ ಇದರ ಕೆಳಗೆ. ನನ್ನ ಮೊಮ್ಮಗಳು ಮಲಗ್ತಾಳೆ."

ಕೊನೆಗೆ ತೊಟ್ಟಿಲು ಕಟ್ಟಿದರು. ಮಗುವಿಗೂ ಮುಂಚೆ ಅದರಲ್ಲಿ ಮೈದಾ ಮೂಟೆ ಮಲಗಿತು. ಅಜ್ಜ ಅದನ್ನು ತೂಗಿ ತೂಗಿ ನೋಡಿ, ತೊಲೆ ಮಿಸುಕದಿದ್ದುದನ್ನು ಕಂಡ ಮೇಲೆ ಮೂಟೆ ಇಳಿಸಿ ಮಗುವನ್ನು ಮಲಗಿಸಿದ. ಸ್ವಲ್ಪ ಹೊತ್ತಿಗೆ ಮಗಳು ಕೂಗಿದಳು, "ಅಪ್ಪಾ, ಇಲ್ಲಿ ನೋಡಿ!" ಮಗುವಿನ ಮೂಗಿನ ತುದಿಗೆ ಮೈದಾಹಿಟ್ಟು ಮೆತ್ತಿಕೊಂಡಿತ್ತು. ಮಗು ಒಮ್ಮೆ ಸೀನಿ, ಮುಖ ಹೊರಳಿಸಿ, ನಿದ್ದೆ ಮುಂದುವರಿಸಿತು. ಮನೆಯೆಲ್ಲ ನಗು. ಪಕ್ಕದಲ್ಲಿ ಮತ್ತೆ ಹಚ್ಚಿದ ಒಲೆಯಿಂದ ಬನ್ನಿನ ಪರಿಮಳ ಬರುತ್ತಿತ್ತು.

ಓದುತ್ತಿರುವವರೇ, ಕೇಳುತ್ತಿರುವವರೇ, ಈ ಮಾತು ನಿಮಗೂ. ಗಾಳಿಮಳೆ ಪೂರ್ತಿ ನಿಂತ ಮೇಲೆ, ಬೆಳಕಿನಲ್ಲಿ, ಮನೆಯ ಸುತ್ತ ಒಮ್ಮೆ ನಡೆಯಿರಿ. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಇಲಾಖೆಗೆ ತಿಳಿಸಿ. ಮಾಡನ್ನು ಕೆಳಗಿನಿಂದಲೇ ನೋಡಿ, ನೀವು ಹತ್ತಬೇಡಿ. ಚಾವಣಿ ಜೋತುಬಿದ್ದಿದ್ದರೆ ಆ ಕೋಣೆಗೆ ಕಾಲಿಡಬೇಡಿ. ಸೋರಿಲ್ಲ ಎಂದು ಸುಮ್ಮನಾಗಬೇಡಿ. ಹಲಗೆಯ ಸಂದಿ, ಚಿಮಣಿಯ ಬುಡ, ಗೋಡೆಯ ಮೂಲೆ ನೋಡಿ, ಮೂಸಿ, ತಟ್ಟಿ. ಅನುಮಾನ ಬಂದರೆ ಬಲ್ಲವರನ್ನು ಕರೆಯಿರಿ. ಅವರು ಸರಿ ಎನ್ನುವವರೆಗೆ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.

ಮಲಗುವವರು ಮೇಲೆ ಏನಿದೆ ಎಂದು ನೋಡಿ ಮಲಗುವುದಿಲ್ಲ. ನಿಮ್ಮನ್ನು ನಂಬಿ ಮಲಗುತ್ತಾರೆ.