ಹಾರ್ಮೋನಿಯಂ ಜೋರು ಮಾಡಿ

ನಾಟಕದಲ್ಲಿ ನನ್ನ ಕೆಲಸ ಪ್ರಾಂಪ್ಟಿಂಗ್. ಸೈಡ್‌ವಿಂಗಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಪಾತ್ರಧಾರಿ ಹೇಳಬೇಕಾದ ಮಾತನ್ನು ಅವನಿಗೆ ಮಾತ್ರ ಕೇಳುವ ಹಾಗೆ ಒಂದು ಗಳಿಗೆ ಮುಂಚೆ ಹೇಳಿಕೊಡುವುದು. ನಲವತ್ತು ವರ್ಷ ಇದನ್ನೇ ಮಾಡಿದ್ದೇನೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಕಿರೀಟ ಇಟ್ಟುಕೊಂಡು ಗದೆ ತಿರುಗಿಸಿದವರಲ್ಲಿ ಅರ್ಧಕ್ಕರ್ಧ ಜನ ನನ್ನ ಬಾಯಿಂದಲೇ ರಾಜರಾದವರು. ಹಾರ, ಶಾಲು ಎಲ್ಲ ಅವರಿಗೆ. ವಿಂಗಿನ ಹಿಂದೆ ರಾಮಾಂಜಿನಯ್ಯ ಎಂಬ ಒಬ್ಬ ಪ್ರಾಣಿ ಇದ್ದಾನೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೂ ಅದೇ ಹಿತವಾಗಿತ್ತು. ಕಾಣದವನನ್ನು ಯಾರೂ ಏನೂ ಕೇಳುವುದಿಲ್ಲ.

ಈಗಿನ ನಾಟಕದವರಿಗೆ ನನ್ನಂಥವನು ಬೇಕಿಲ್ಲ. ಮಾತು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಆದರೂ ಹೋದ ವರ್ಷ ನಂದಿತಾ ನನ್ನನ್ನು ಹುಡುಕಿಕೊಂಡು ಬಂದಳು. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಹೆಣ್ಣುಮಗಳು. ಶಿಫ್ಟ್ ಮುಗಿದ ಮೇಲೆ ಪಕ್ಕದ ಖಾಲಿ ಶೆಡ್ಡಿನಲ್ಲಿ ಐದಾರು ಕೆಲಸಗಾರರನ್ನು ಕಟ್ಟಿಕೊಂಡು ನಾಟಕ ಮಾಡಿಸುತ್ತಾಳೆ. ಪರದೆ ಇಲ್ಲ, ಕಿರೀಟ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದನ್ನೇ ಬಸ್ ಸ್ಟ್ಯಾಂಡ್ ಅನ್ನುತ್ತಾಳೆ, ಇನ್ನೊಂದು ಗಳಿಗೆಗೆ ಅದನ್ನೇ ಕೋರ್ಟು ಅನ್ನುತ್ತಾಳೆ. ಇದೂ ಒಂದು ನಾಟಕವೇ ಎಂದು ಮೊದಮೊದಲು ನಾನು ಮೂಗು ಮುರಿದಿದ್ದುಂಟು.

"ಮೇಷ್ಟ್ರೆ, ಗಂಗಲಕ್ಷ್ಮಮ್ಮೋರು ನಮ್ ನಾಟಕದಲ್ಲಿ ಪಾರ್ಟ್ ಮಾಡ್ತಿದಾರೆ. ಓದಕ್ ಬರಲ್ವಲ್ಲ, ಯಾರಾದ್ರೂ ಹೇಳ್ಕೊಟ್ರೇನೇ ಮಾತು ಬರೋದು. ನೀವೇ ಬೇಕಂತೆ ಅವ್ರಿಗೆ," ಅಂದಳು.

ಆ ಹೆಸರು ನಾನು ಮರೆತಿರಲಿಲ್ಲ. ಹಳ್ಳಿ ನಾಟಕದಲ್ಲಿ ಗಂಡು ಪಾತ್ರಗಳು ಊರಿನವರವು, ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಗಂಗಲಕ್ಷ್ಮಮ್ಮ ಹಾಗೆ ಊರೂರು ತಿರುಗಿದವಳು. ನಾಟಕದ ದಿನ ಸಂಜೆ ಬರುವುದು, ನನ್ನ ದನಿ ಹಿಡಿದುಕೊಂಡು ರಾಣಿಯಾಗುವುದು, ಬೆಳಗಿನ ಬಸ್ಸಿಗೆ ಹೋಗುವುದು. ಅವಳಿಗೆ ಈಗ ಅರವತ್ತು ದಾಟಿದೆ. ನಾವು ಮಾತಾಡಿ ಇಪ್ಪತ್ತಾರು ವರ್ಷವಾಗಿತ್ತು.

ನಾಟಕ ಅವಳದೇ ಕಥೆ. ಅವಳು ಹೇಳಿದ್ದಳು, ನಂದಿತಾ ಬರೆದುಕೊಂಡಿದ್ದಳು. ಹೇಳಿಕೊಡುತ್ತ ಹೇಳಿಕೊಡುತ್ತ ಹನ್ನೊಂದನೇ ಪುಟಕ್ಕೆ ಬಂದೆ. ಅಲ್ಲಿ ಮೂರು ಮಾತಿದ್ದವು: "ಊರ ಚೇರ್ಮನ್ನು ಬಣ್ಣದ ಮನೆ ಬಾಗಿಲು ಹಾಕಿದ. ನಾನು ಕೂಗಿದ್ದು ಪರದೆ ಹಿಂದೆ ಇದ್ದೋರಿಗೆಲ್ಲ ಕೇಳಿಸ್ತು. ಅವರಲ್ಲೊಬ್ಬರು, ಹಾರ್ಮೋನಿಯಂ ಜೋರು ಮಾಡಿ, ಅಂದ್ರು."

ಆ ಒಬ್ಬ ನಾನು. ಇಪ್ಪತ್ತಾರು ವರ್ಷದ ಹಿಂದೆ ಗುಬ್ಬಿ ಹತ್ತಿರದ ಒಂದು ಹಳ್ಳಿಯ ನಾಟಕದಲ್ಲಿ, ವೇಷ ಹಾಕಿಕೊಳ್ಳುವ ಕೋಣೆಯಲ್ಲಿ ನಡೆದದ್ದು. ಜನಕ್ಕೆ ಕೂಗು ಕೇಳಿಸಿಬಿಟ್ಟರೆ ನಾಟಕ ನಿಲ್ಲುತ್ತದೆ, ಗಲಾಟೆಯಾಗುತ್ತದೆ ಎಂದುಕೊಂಡೆ. ಅವಳಿಗೇನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು.

ರಿಹರ್ಸಲ್ಲಿನಲ್ಲಿ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಆ ಮೂರು ಮಾತನ್ನು ನಾನು ಹೇಳಿಕೊಡುವುದು, ಅವಳು ಅದನ್ನು ಹಾಗೆಯೇ ಒಪ್ಪಿಸುವುದು. 'ಒಬ್ಬರು' ಯಾರೆಂದು ನಂದಿತಾ ಒಂದು ಸಲ ಕೇಳಿದಳು. "ಇದ್ರು ಬುಡಮ್ಮ," ಅಂದಳು ಗಂಗಲಕ್ಷ್ಮಮ್ಮ. ಅಷ್ಟೇ.

ಕುಣಿಗಲ್‌ನಲ್ಲಿ ಮೊದಲ ಪ್ರದರ್ಶನ ಎಂದು ನಿಗದಿಯಾಯಿತು. ಅನುಮತಿಗೆ ಸರ್ಕಾರಿ ಕಚೇರಿಗೆ ಅರ್ಜಿ ಹಾಕಬೇಕು, ಜೊತೆಗೆ ಸ್ಕ್ರಿಪ್ಟ್ ಕೊಡಬೇಕು. ವಾರದ ಮೇಲೆ ಸ್ಕ್ರಿಪ್ಟ್ ವಾಪಸ್ ಬಂತು. ಪುಟಪುಟಕ್ಕೂ ಸೀಲು, ಹನ್ನೊಂದನೇ ಪುಟದ ಮೂರು ಸಾಲಿನ ಮೇಲೆ ಕೆಂಪು ಇಂಕಿನ ಗೀಟು. ಅಂಚಿನಲ್ಲಿ 'ಗ್ರಾಮದ ಮುಖಂಡರ ಗೌರವಕ್ಕೆ ಧಕ್ಕೆ' ಎಂದು ಬರೆದಿತ್ತು. ಪಾತ್ರಧಾರಿಗಳ ಪಟ್ಟಿಯಲ್ಲಿರುವ ಯಾರೂ ಆ ಮಾತು ಆಡುವುದಿಲ್ಲವೆಂದು ನಂದಿತಾ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಮೀರಿದರೆ ಅವಳ ತಂಡಕ್ಕೆ ಮುಂದೆ ಎಲ್ಲಿಯೂ ಹಾಲ್ ಸಿಗದು.

"ಯಾವ್ ಮಾತು ಹೊಡ್ದವ್ರೆ, ಓದಿ ಮೇಷ್ಟ್ರೆ," ಅಂದಳು ಗಂಗಲಕ್ಷ್ಮಮ್ಮ.

ಓದಿದೆ.

"ಅದ ಬುಟ್ರೆ ಇನ್ನೇನೈತೆ? ನಾನು ಬಸ್ ಹತ್ತಿದ್ದು, ಬಸ್ ಇಳ್ದಿದ್ದು."

"ಈ ಸಲಕ್ಕೆ ಬಿಟ್ಬಿಡಣ ಕಣಮ್ಮ ನಂದಿತಾ. ತಂಡ ಉಳಿದ್ರೆ ತಾನೆ ಮುಂದಿನ ನಾಟಕ," ಅಂದೆ. ಹಿರಿಯ ಮನುಷ್ಯನ ಬುದ್ಧಿಮಾತು ಎಂದೇ ಎಲ್ಲರೂ ತಿಳಿದರು. ನನಗಾದ ಸಮಾಧಾನ ನನಗೊಬ್ಬನಿಗೇ ಗೊತ್ತು. ಯಾವನೋ ಪುಣ್ಯಾತ್ಮ ಕೆಂಪು ಇಂಕಿನಲ್ಲಿ ನನ್ನ ಪಾಪಕ್ಕೆ ಗೀಟು ಎಳೆದುಕೊಟ್ಟಿದ್ದ. ನಂದಿತಾ ಸಹಿ ಹಾಕಿದಳು. ಹಾಕಿ, ಶೆಡ್ಡಿನ ಆಚೆ ಹೋಗಿ ಬಹಳ ಹೊತ್ತು ನಿಂತಿದ್ದಳು.

ಕುಣಿಗಲ್‌ನ ಹಾಲ್ ತುಂಬಿತ್ತು. ಸಂಜೆ ಆರೂವರೆಗೆ ನಾಟಕ ಶುರು. ಮೊದಲ ಸಾಲಿನಲ್ಲಿ ಅನುಮತಿ ಕೊಟ್ಟ ಕಚೇರಿಯ ಕೃಷ್ಣಕುಮಾರ್ ಸೀಲು ಹೊಡೆದ ಸ್ಕ್ರಿಪ್ಟ್ ತೊಡೆಯ ಮೇಲೆ ಇಟ್ಟುಕೊಂಡು, ಸಾಲುಸಾಲಿಗೂ ಬೆರಳಿಟ್ಟು ನೋಡುತ್ತಿದ್ದರು. ಸಂಭಾವಿತ ಮನುಷ್ಯ. ಬರುವಾಗ, "ನಮ್ ತಾತನೂ ರಾಜನ್ ಪಾರ್ಟ್ ಮಾಡ್ತಿದ್ರು ಮೇಷ್ಟ್ರೆ," ಎಂದು ನನಗೆ ಕೈಮುಗಿದಿದ್ದರು.

ಹನ್ನೊಂದನೇ ಪುಟ ಬಂತು. ಗಂಗಲಕ್ಷ್ಮಮ್ಮ ಕುರ್ಚಿಯಿಂದ ಎದ್ದು ನಿಂತು ವಿಂಗಿನ ಕಡೆ ತಿರುಗಿ ಕಾದಳು. ನಾನು ಮೂರು ಸಾಲು ಹಾರಿಸಿ ಮುಂದಿನ ಮಾತು ಕೊಟ್ಟೆ: "ಬೆಳಗಾದ ಮೇಲೆ ಬಸ್ ಹತ್ತಿದೆ."

ಅವಳು ತೆಗೆದುಕೊಳ್ಳಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಮತ್ತೆ ಕೊಟ್ಟೆ. ಮೂರನೇ ಸಲ ಕೊಟ್ಟಾಗ ದನಿ ಜೋರಾಗಿ ಮುಂದಿನ ಸಾಲಿನವರಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ನಲವತ್ತು ವರ್ಷದಲ್ಲಿ ನಾನು ಕೊಟ್ಟ ಮಾತನ್ನು ಒಬ್ಬ ಪಾತ್ರಧಾರಿಯೂ ಬೇಡವೆಂದಿರಲಿಲ್ಲ.

"ಅದಲ್ಲ ಮೇಷ್ಟ್ರೆ," ಅಂದಳು ಗಂಗಲಕ್ಷ್ಮಮ್ಮ. ಕೋಪವಿರಲಿಲ್ಲ. "ನೀವ್ ಹೇಳೋಗಂಟ ನಾನ್ ಇಲ್ಲೇ ನಿಂತಿರ್ತೀನಿ."

ಆಗ ಅರ್ಥವಾಯಿತು, ನಾನೇ ಬೇಕೆಂದು ಅವಳು ಯಾಕೆ ಕರೆಸಿದ್ದಳೆಂದು. ಆ ಮಾತು ಅವಳಿಗೆ ಬಾಯಿಗೇ ಬರುತ್ತಿತ್ತು. ನಾನು ಹೇಳಿಕೊಡುವುದೇನಿತ್ತು ಅದರಲ್ಲಿ, ಅನುಭವಿಸಿದವಳು ಅವಳು. ಎದುರಿನ ವಿಂಗಿನಲ್ಲಿದ್ದ ನಂದಿತಾ ಬೇಡ ಎಂದು ಕೈ ಆಡಿಸುತ್ತಿದ್ದಳೋ, ಕಣ್ಣು ಒರೆಸಿಕೊಳ್ಳುತ್ತಿದ್ದಳೋ ಕಾಣಲಿಲ್ಲ. ಎದ್ದೆ. ಕಾಲು ತಗುಲಿ ಸ್ಟೂಲ್ ಉರುಳಿತು. ಜೀವಮಾನದಲ್ಲಿ ಮೊದಲ ಸಲ ಲೈಟಿನ ಕೆಳಗೆ ಬಂದು ನಿಂತೆ. ಕಣ್ಣು ಕುಕ್ಕಿ ಎದುರಿಗೆ ಯಾರೂ ಕಾಣಿಸಲಿಲ್ಲ.

"ಊರ ಚೇರ್ಮನ್ನು ಬಣ್ಣದ ಮನೆ ಬಾಗಿಲು ಹಾಕಿದ," ಅಂದೆ. "ಈಯಮ್ಮ ಕೂಗಿದ್ದು ಪರದೆ ಹಿಂದೆ ಇದ್ದೋರಿಗೆಲ್ಲ ಕೇಳಿಸ್ತು. ಹಾರ್ಮೋನಿಯಂ ಜೋರು ಮಾಡಿ ಅಂದೋನು ನಾನು. ರಾಮಾಂಜಿನಯ್ಯ."

ಕೃಷ್ಣಕುಮಾರ್ ಪುಟ ಹಿಂದೆ ಮುಂದೆ ತಿರುವುವ ಸದ್ದು ಮಾತ್ರ ಕೇಳಿಸಿತು. ಗಂಗಲಕ್ಷ್ಮಮ್ಮ ನನ್ನನ್ನು ಒಂದು ಸಲ ನೆಟ್ಟಗೆ ನೋಡಿದಳು. ಆಮೇಲೆ ಜನರ ಕಡೆ ತಿರುಗಿ, "ಬೆಳಗಾದ ಮೇಲೆ ಬಸ್ ಹತ್ತಿದೆ," ಅಂದಳು. ಉಳಿದ ಒಂಬತ್ತು ಪುಟದ ತನ್ನ ಮಾತನ್ನೆಲ್ಲ ಅವಳೇ ಹೇಳಿದಳು, ಒಂದು ಅಕ್ಷರವನ್ನೂ ನನ್ನಿಂದ ಕೇಳದೆ. ನನಗೆ ವಾಪಸ್ ಹೋಗುವುದು ಹೇಗೆಂದು ತಿಳಿಯದೆ ಕುರ್ಚಿಯ ಪಕ್ಕ ನಿಂತೇ ಇದ್ದೆ.

ಮಾರನೇ ದಿನ ಕಚೇರಿಗೆ ಹೋಗಿ, ಆಡಿದವನು ನಾನು, ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಹುಡುಗಿಯದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟೆ. ಕೃಷ್ಣಕುಮಾರ್ ಓದಿ ಫೈಲಿಗೆ ಸೇರಿಸಿದರು. ಆದರೂ ಗುಬ್ಬಿಯ ಪ್ರದರ್ಶನಕ್ಕೆ ಹಾಕಿದ ಅರ್ಜಿ ಮೂರು ತಿಂಗಳಿಂದ ಅಲ್ಲೇ ಇದೆ. ಕೇಳಿದರೆ ಪರಿಶೀಲನೆಯಲ್ಲಿದೆ ಅನ್ನುತ್ತಾರೆ.

ನಂದಿತಾ ಕಾಯಲಿಲ್ಲ. ಭಾನುವಾರ ಸಂಜೆ ಶೆಡ್ಡಿನಲ್ಲೇ ನಾಟಕ ನಡೆಯುತ್ತದೆ. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ, ವಾಟ್ಸಾಪಿನಲ್ಲಿ ಸುದ್ದಿ ಹೋಗುತ್ತದೆ. ಬಿದರೆಹಳ್ಳಿ ಕಾವಲ್‌ನಿಂದಲೂ ಜನ ಬೈಕಿನಲ್ಲಿ ಬಂದು ನೆಲದ ಮೇಲೆ ಕೂತು ನೋಡುತ್ತಾರೆ.

ಮೊದಲ ಭಾನುವಾರ ನಾನು ಗಂಗಲಕ್ಷ್ಮಮ್ಮನ ಹತ್ತಿರ ಹೋಗಿ, "ಇನ್ಮೇಲೆ ನಿಂಗೆ ಹೇಳ್ಕೊಡೋನು ಬೇಕಿಲ್ಲವಲ್ಲಮ್ಮ, ನಾನ್ ಬರ್ತೀನಿ," ಅಂದೆ.

"ಎಲ್ಲಿಗ್ ಹೋಯ್ತೀರಿ? ಆ ಮಾತು ಇನ್ಮೇಲೆ ನಿಮ್ಮದು," ಅಂದಳು. "ನಾನೇನೂ ಮಾಫಿ ಮಾಡಿಲ್ಲ."

ಈಗ ನನಗೂ ಒಂದು ಪಾತ್ರವಿದೆ. ಭಾನುವಾರ ಭಾನುವಾರ ಆ ಜಾಗ ಬಂದಾಗ ಅವಳು ಎದ್ದು ನಿಂತು ನನ್ನ ಕಡೆ ತಿರುಗಿ ಕಾಯುತ್ತಾಳೆ. ನಾನು ಹೇಳುವವರೆಗೂ ನಾಟಕ ಮುಂದೆ ಹೋಗುವುದಿಲ್ಲ.